ಮೇಲಿನ ಸಾಲು, ಕೆಳಗಿನ ಸಾಲು: ಬಡಾವಣೆಯ ಮಳೆನೀರಿಗಾಗಿ ನೆರೆಹೊರೆಯವರನ್ನು ಒಟ್ಟುಗೂಡಿಸುವುದು ಹೇಗೆ?

ಪ್ರಶ್ನೆ
4ನೇ ತಿರುವಿನ ನಿವಾಸಿ, ಶಿವಮೊಗ್ಗ

ನಮ್ಮದು ಶಿವಮೊಗ್ಗದ ಹೊರವಲಯದಲ್ಲಿರುವ ಸುಮಾರು 70 ಮನೆಗಳ ಬಡಾವಣೆ. 15 ವರ್ಷಗಳ ಹಿಂದೆ ಇಲ್ಲಿ ಭತ್ತದ ಗದ್ದೆಗಳಿದ್ದವು. ಬಡಾವಣೆಯ ತಲೆಭಾಗದಲ್ಲಿ ಒಂದು ಸಣ್ಣ ಕೆರೆ ಇಂದಿಗೂ ಇದೆ. ಅದು ಕೋಡಿ ಬಿದ್ದಾಗ ಹೊರಟ ನೀರು ಗದ್ದೆಗಳ ನಡುವಿನ ಕಾಲುವೆಯಲ್ಲಿ ಸಾಗಿ ಕೆಳಗಿನ ಹಳ್ಳವನ್ನು ಸೇರುತ್ತಿತ್ತು ಎಂದು ಇಲ್ಲಿ ಹಿಂದೆ ಬೇಸಾಯ ಮಾಡಿದ ಹಿರಿಯರು ಹೇಳುತ್ತಾರೆ. ಈಗ ಆ ಕಾಲುವೆ ಎಲ್ಲಿತ್ತು ಎಂಬುದೇ ತಿಳಿಯುವುದಿಲ್ಲ. 1 ಮತ್ತು 2ನೇ ತಿರುವುಗಳು ಎತ್ತರದಲ್ಲಿವೆ. ನಾವು ವಾಸಿಸುವ 3 ಮತ್ತು 4ನೇ ತಿರುವುಗಳು ತಗ್ಗಿನಲ್ಲಿವೆ.

ಕಳೆದ ವರ್ಷ ಪುನರ್ವಸು ಮಳೆ ಹಿಡಿದಾಗ ಒಂದೇ ರಾತ್ರಿಯಲ್ಲಿ 4ನೇ ತಿರುವಿನ 11 ಮನೆಗಳಿಗೆ ನೀರು ನುಗ್ಗಿತು. ಇದು ಹೊಳೆಯ ನೀರಲ್ಲ. ತುಂಗೆ ಎಷ್ಟು ಏರಿದ್ದಾಳೆ ಎಂಬುದನ್ನು ಶಿವಮೊಗ್ಗದವರು ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಇಲ್ಲವೇ ಎಂದು ನೋಡಿ ತಿಳಿಯುತ್ತಾರೆ. ಆ ದಿನ ಮಂಟಪ ಇನ್ನೂ ಕಾಣುತ್ತಿತ್ತು. ನಮ್ಮ ಮನೆಗೆ ಬಂದದ್ದು ನಮ್ಮದೇ ರಸ್ತೆಗಳ ನೀರು, ನಮ್ಮದೇ ತಾರಸಿಗಳ ನೀರು. ನಮ್ಮ ಅತ್ತೆಯವರಿಗೆ 81 ವರ್ಷ. ಅವರನ್ನು ಮಂಚದ ಮೇಲೆ ಕೂರಿಸಿ, ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಇಡುತ್ತಾ ಬೆಳಗು ಮಾಡಿದೆವು. ಎದುರುಮನೆಯವರ ವರ್ಷದ ಅಕ್ಕಿಯೆಲ್ಲ ನೆನೆದು ಹೋಯಿತು.

ಮರುದಿನ ಗಣಪತಿ ದೇವಸ್ಥಾನದ ಎದುರು ಸಭೆ ಕರೆದೆವು. ಕೆಳಗಿನ ಎರಡು ತಿರುವುಗಳವರು ಬಹುತೇಕ ಬಂದರು. ಮೇಲಿನಿಂದ ಬಂದವರು ಇಬ್ಬರೇ. ತಗ್ಗಿನ ನಿವೇಶನಗಳು ಕಡಿಮೆ ಬೆಲೆಗೆ ಸಿಕ್ಕವು ಎಂದು ಕೊಂಡವರು ಈಗ ಎಲ್ಲರನ್ನೂ ದೂರುವುದು ಸರಿಯೇ ಎಂದು ಮೇಲಿನ ಸಾಲಿನ ಹಿರಿಯರೊಬ್ಬರು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದರು. ಆ ಮಾತಿನಿಂದ ನೋವಾಯಿತು, ಆದರೆ ಅದು ಸುಳ್ಳಲ್ಲ. ನಾವು ಕೊಟ್ಟ ಬೆಲೆ ಕಡಿಮೆಯೇ. ಅಂದಿನಿಂದ ಗುಂಪಿನಲ್ಲಿ ಹಬ್ಬದ ಶುಭಾಶಯಗಳನ್ನು ಬಿಟ್ಟರೆ ಬೇರೆ ಮಾತಿಲ್ಲ. ಕೆಳಗಿನ ಕೆಲವರು ತಮ್ಮ ತಮ್ಮ ಗೇಟಿನ ಬಳಿ ಅಡ್ಡಗೋಡೆ ಕಟ್ಟಿಕೊಳ್ಳಲು ಸಿದ್ಧರಾಗಿದ್ದಾರೆ.

ಈಗ ಫೆಬ್ರವರಿ. ಮೃಗಶಿರ ಮಳೆಗೆ ಇನ್ನು ನಾಲ್ಕು ತಿಂಗಳೂ ಇಲ್ಲ. ನೀರು ನುಗ್ಗದ ಮನೆಯವರನ್ನು ಈ ಕೆಲಸಕ್ಕೆ ಹೇಗೆ ಕರೆತರಬೇಕು? ಮೊದಲು ಸಂಘವನ್ನು ನೋಂದಾಯಿಸಿ ಆಮೇಲೆ ಕೆಲಸ ಹಿಡಿಯಬೇಕೇ, ಅಥವಾ ಕೆಲಸ ಮಾಡುತ್ತಾ ಸಂಘವಾಗಬೇಕೇ? ಖರ್ಚನ್ನು ಎಲ್ಲರಿಗೂ ಸಮನಾಗಿ ಹಂಚಬೇಕೇ? ಇಂತಹ ಕೆಲಸವನ್ನು ತಮ್ಮ ಊರಿನಲ್ಲಿ, ಬಡಾವಣೆಯಲ್ಲಿ ಮಾಡಿದವರು ತಮ್ಮ ಅನುಭವವನ್ನು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.


ಉತ್ತರ 1
ತೋಟದ ಮನೆಯವರು, ತೀರ್ಥಹಳ್ಳಿ ತಾಲ್ಲೂಕು

ಮೇಡಂ, ನನಗೆ ಬಡಾವಣೆಯ ಅನುಭವವಿಲ್ಲ. ಆದರೆ ಮೇಲಿನವರು ಮತ್ತು ಕೆಳಗಿನವರು ಒಂದೇ ನೀರನ್ನು ಹಂಚಿಕೊಂಡು ಬಾಳುವುದು ನಮಗೆ ಪ್ರತಿವರ್ಷದ ಮಾತು. ನಮ್ಮ ಕಡೆ ಅಡಿಕೆ ತೋಟಗಳು ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಒಂದರ ಕೆಳಗೆ ಒಂದರಂತೆ ಇರುತ್ತವೆ. ತೋಟ ಅವರವರದು, ಆದರೆ ನೀರು ಇಳಿಯುವ ದಾರಿ ಒಂದೇ. ಮಳೆಗಾಲಕ್ಕೆ ಮುಂಚೆ ಬಸಿಗಾಲುವೆಯ ಹೂಳು ಎತ್ತದಿದ್ದರೆ ಮರದ ಬುಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಒಬ್ಬ ತನ್ನ ಪಾಲಿನದನ್ನು ಮಾತ್ರ ಎತ್ತಿ, ಕೆಳಗಿನವನು ಬಿಟ್ಟರೆ ನೀರು ಹಿಂದಕ್ಕೆ ನಿಲ್ಲುತ್ತದೆ. ಕೆಳಗಿನವನು ಎತ್ತಿ ಮೇಲಿನವನು ಬಿಟ್ಟರೆ ಮೇಲಿನ ಹೂಳೆಲ್ಲ ಒಂದೇ ಮಳೆಗೆ ಕೆಳಗೆ ಬಂದು ಕೂರುತ್ತದೆ. ಆದ್ದರಿಂದಲೇ ಈ ಕೆಲಸವನ್ನು ಹಿಂದಿನವರು ಮುಯ್ಯಾಳಿನಲ್ಲಿ ಮಾಡುತ್ತಿದ್ದರು. ಇಂದು ನಿಮ್ಮ ತೋಟಕ್ಕೆ ನಾವು, ನಾಳೆ ನಮ್ಮ ತೋಟಕ್ಕೆ ನೀವು; ಯಾರ ತೋಟದಲ್ಲಿ ಕೆಲಸವೋ ಆ ದಿನದ ಊಟ ಅವರ ಮನೆಯಲ್ಲಿ. ಈಗ ಮುಯ್ಯಾಳು ಕಡಿಮೆಯಾಗಿದೆ. ಆದರೂ ನಮ್ಮ ಕಣಿವೆಯ ಆರು ಮನೆಯವರು ಬಸಿಗಾಲುವೆಯ ಕೆಲಸವನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದೇವೆ.

ನಿಮ್ಮ ಬರಹದಲ್ಲಿ ನನಗೆ ಹೆಚ್ಚು ಆತಂಕ ತಂದದ್ದು ಅಡ್ಡಗೋಡೆಯ ಮಾತು. 11 ಮನೆಯವರು ಗೇಟಿಗೆ ಗೋಡೆ ಕಟ್ಟಿ, ಅಂಗಳಕ್ಕೆ ಮಣ್ಣು ತುಂಬಿಸಿ ಎತ್ತರಿಸಿಕೊಂಡರೆ ಆ ನೀರು ಮಾಯವಾಗುವುದಿಲ್ಲ. ಗೋಡೆ ಕಟ್ಟಿಸಲು ಹಣವಿಲ್ಲದ ಹನ್ನೆರಡನೆಯ ಮನೆಗೆ ನುಗ್ಗುತ್ತದೆ, ಇಲ್ಲವೇ ರಸ್ತೆಯಲ್ಲಿ ನಿಂತು 2ನೇ ತಿರುವಿನವರೆಗೂ ಏರುತ್ತದೆ. ಆಗ ಕೆಳಗಿನ ಸಾಲಿನ ಒಳಗೇ ಮೇಲು ಕೆಳಗು ಹುಟ್ಟಿಕೊಳ್ಳುತ್ತದೆ. ಗೋಡೆಯ ಕೆಲಸವನ್ನು ಈ ಒಂದು ಮಳೆಗಾಲದವರೆಗೆ ತಡೆಯಿರಿ ಎಂದು ನಿಮ್ಮವರಲ್ಲಿ ಕೇಳಿಕೊಳ್ಳಿ. ಮೇಲಿನವರ ಬಳಿಗೆ ಹೋಗುವಾಗ ನಿಮ್ಮ ಕೈಯಲ್ಲಿ ದೂರಿಗಿಂತ ಈ ಸಂಯಮವೇ ಇದ್ದರೆ ಅದಕ್ಕೆ ಬೆಲೆ ಬರುತ್ತದೆ.

ಇನ್ನೊಂದು ಮಾತು. ಸಭೆಗೆ ಕರೆಯುವ ಮೊದಲು ನಡೆಯಲು ಕರೆಯಿರಿ. ಕೆರೆಯ ಕೋಡಿಯಿಂದ ಹೊರಟು ಹಳ್ಳ ಸಿಗುವವರೆಗೆ, ನೀರು ಹೋಗುವ ದಾರಿಯಲ್ಲಿಯೇ, ಎರಡೂ ಸಾಲಿನಿಂದ ನಾಲ್ಕು ನಾಲ್ಕು ಜನರು ಒಂದು ಬೆಳಿಗ್ಗೆ ನಡೆದು ನೋಡಿ. ಹಿಂದೆ ಅಲ್ಲಿ ಬೇಸಾಯ ಮಾಡಿದ ಹಿರಿಯರನ್ನು ಜೊತೆಗೆ ಕರೆದುಕೊಳ್ಳಿ. ತೂಬು ಎಲ್ಲಿತ್ತು, ಕೋಡಿಯ ನೀರು ಯಾವ ಕಡೆಗೆ ತಿರುಗುತ್ತಿತ್ತು ಎಂಬುದು ಅವರ ಕಾಲಿಗೆ ಗೊತ್ತಿರುತ್ತದೆ. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಗುಡುಗು ಮಳೆ ಬಂದಾಗ ಛತ್ರಿ ಹಿಡಿದು ಅದೇ ದಾರಿಯಲ್ಲಿ ಮತ್ತೊಮ್ಮೆ ನಡೆಯಿರಿ. ಸಭೆಯಲ್ಲಿ ಕುಳಿತಾಗ ಮನುಷ್ಯರು ತಮ್ಮ ಮನೆಯನ್ನು ಸಮರ್ಥಿಸಿಕೊಳ್ಳುತ್ತಾರೆ. ನೀರಿನ ಹಿಂದೆ ನಡೆಯುವಾಗ ಎಲ್ಲರೂ ನೀರನ್ನೇ ನೋಡುತ್ತಾರೆ.


ಉತ್ತರ 2
ನಿವೃತ್ತ ಭೂಮಾಪಕ, ಸಾಗರ

ಹಿರಿಯರ ನೆನಪು ಅಮೂಲ್ಯವಾದದ್ದು, ಆದರೆ ಕಚೇರಿಯಲ್ಲಿ ಅದು ದಾಖಲೆಯಾಗುವುದಿಲ್ಲ. ಆದ್ದರಿಂದ ನಡೆಯುವುದಕ್ಕೆ ಹೊರಡುವ ಮೊದಲು ಆ ಗ್ರಾಮದ ನಕ್ಷೆಯನ್ನು ಪಡೆದುಕೊಳ್ಳಿ. ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿಯೇ ಗ್ರಾಮ ನಕ್ಷೆಗಳು ದೊರೆಯುತ್ತವೆ. ಸರ್ವೆ ನಂಬರುಗಳ ಗಡಿಗಳೊಂದಿಗೆ ಕೆರೆ, ಹಳ್ಳ, ಬಂಡಿದಾರಿ ಮೊದಲಾದವುಗಳನ್ನೂ ಅದರಲ್ಲಿ ಗುರುತಿಸಿರುತ್ತಾರೆ. ಬಡಾವಣೆಯಾಗುವ ಮುನ್ನ ನಿಮ್ಮ ಜಾಗ ಯಾವ ಯಾವ ಸರ್ವೆ ನಂಬರಿನಲ್ಲಿತ್ತು ಎಂಬುದು ನಿಮ್ಮ ಕ್ರಯಪತ್ರದಲ್ಲಿಯೇ ಇರುತ್ತದೆ. ಆ ನಂಬರುಗಳ ಆಕಾರ್‌ಬಂದ್ (ವಿಸ್ತೀರ್ಣ ಮತ್ತು ಕಂದಾಯದ ದಾಖಲೆ) ಮತ್ತು ಹಳೆಯ ಪಹಣಿಗಳನ್ನು ತೆಗೆಸಿ, ಖರಾಬಿನ, ಅಂದರೆ ಕಂದಾಯದ ಲೆಕ್ಕದಿಂದ ಹೊರಗಿಟ್ಟ ಜಾಗದ ಅಂಕಣವನ್ನು ಗಮನವಿಟ್ಟು ನೋಡಿ. ಖರಾಬಿನಲ್ಲಿ ಎರಡು ಬಗೆಗಳಿವೆ. ಸಾಗುವಳಿಗೆ ಬಾರದ ಬಂಡೆ, ಕಣ, ಕೊಟ್ಟಿಗೆಯ ಜಾಗದಂತಹವು ‘ಅ’ ಖರಾಬು. ಸಾರ್ವಜನಿಕ ಉಪಯೋಗಕ್ಕೆ ಮೀಸಲಾದ ದಾರಿ, ಹಳ್ಳ, ಕಾಲುವೆ, ಕೆರೆಯಂತಹವು ‘ಬ’ ಖರಾಬು. ಕಾಲುವೆ ‘ಬ’ ಖರಾಬಿನಲ್ಲಿ ದಾಖಲಾಗಿದ್ದರೆ ಅದು ಯಾವ ನಿವೇಶನದಾರನದೂ ಅಲ್ಲ, ಬಡಾವಣೆ ನಿರ್ಮಿಸಿದವರದೂ ಅಲ್ಲ.

ಎರಡನೆಯದಾಗಿ ಬೇಕಾದದ್ದು ಅನುಮೋದಿತ ವಿನ್ಯಾಸ ನಕ್ಷೆ. ಶಿವಮೊಗ್ಗ ಮತ್ತು ಭದ್ರಾವತಿ ನಗರಗಳ ಯೋಜನಾ ವ್ಯಾಪ್ತಿಯ ಬಡಾವಣೆಗಳಿಗೆ ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರವು ಅನುಮೋದನೆ ನೀಡುತ್ತದೆ. ಜನರು ಸೂಡಾ ಎನ್ನುವುದು ಇದನ್ನೇ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ನಿವೇಶನಗಳು ಎಲ್ಲೆಲ್ಲಿ ಇರಬೇಕು ಎಂಬುದು ಆ ನಕ್ಷೆಯಲ್ಲಿರುತ್ತದೆ. ಅದನ್ನು ಗ್ರಾಮ ನಕ್ಷೆಯೊಂದಿಗೆ ಹೋಲಿಸಿದರೆ ಕಾಲುವೆಗೆ ಏನಾಯಿತು ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ನಕ್ಷೆ ಸುಲಭವಾಗಿ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದು 150 ಪದಗಳನ್ನು ಮೀರಬಾರದು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ಅರ್ಜಿಯಲ್ಲಿ ‘ಕಾಲುವೆಯನ್ನು ಮುಚ್ಚಲು ಏಕೆ ಬಿಟ್ಟಿರಿ’ ಎಂದು ಕೇಳಬೇಡಿ. ಈ ಕಾಯ್ದೆಯಿಂದ ಸಿಗುವುದು ದಾಖಲೆಯೇ ಹೊರತು ವಿವರಣೆಯಲ್ಲ. ‘ಅನುಮೋದಿತ ವಿನ್ಯಾಸ ನಕ್ಷೆಯ ದೃಢೀಕೃತ ಪ್ರತಿ’ ಎಂದು ಒಂದೇ ಸಾಲಿನಲ್ಲಿ ಕೇಳಿ.

ಅದೇ ವೇಳೆಗೆ ಬಡಾವಣೆಯು ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾಗಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಹಸ್ತಾಂತರವಾಗಿದ್ದರೆ ಚರಂಡಿಯ ನಿರ್ವಹಣೆಯನ್ನು ಆ ಸಂಸ್ಥೆಯಿಂದ ಕೇಳಬೇಕು, ಆಗದಿದ್ದರೆ ಬಡಾವಣೆ ನಿರ್ಮಿಸಿದವರಿಂದ ಕೇಳಬೇಕು. ಎಷ್ಟೋ ಕಡೆ ಜನರು ವರ್ಷಗಟ್ಟಲೆ ತಪ್ಪು ಬಾಗಿಲು ತಟ್ಟಿದ್ದನ್ನು ನಾನು ಸೇವೆಯಲ್ಲಿದ್ದಾಗ ನೋಡಿದ್ದೇನೆ.


ಉತ್ತರ 3
ಮೇಲಿನ ಸಾಲಿನ ಮನೆಯವರು, ಭದ್ರಾವತಿ

ಭೂಮಾಪಕರು ಹೇಳಿದ ದಾಖಲೆಗಳೆಲ್ಲ ಅಗತ್ಯವೇ. ಆದರೆ ಅವನ್ನು ಹಿಡಿದುಕೊಂಡು ಮೊದಲ ಬಾರಿಗೆ ಮೇಲಿನ ಸಾಲಿಗೆ ಹೋಗಬೇಡಿ ಎಂಬುದು ನನ್ನ ವಿನಂತಿ. ನಕ್ಷೆಯನ್ನು ಕಂಡ ಕೂಡಲೇ ಮನುಷ್ಯನಿಗೆ ತನ್ನ ನಿವೇಶನದ ಚಿಂತೆ ಹತ್ತುತ್ತದೆ, ವಕೀಲರ ನೆನಪಾಗುತ್ತದೆ. ನಮ್ಮ ಬಡಾವಣೆಯಲ್ಲಿ ನಾನೇ ಮೇಲಿನ ಸಾಲಿನವನು, ಆದ್ದರಿಂದ ಆ ಕಡೆಯ ಮನಸ್ಸನ್ನು ಹೇಳಬಲ್ಲೆ.

ಕಾರನ್ನು ಒಳಗೆ ತರುವುದಕ್ಕಾಗಿ ನಾನು ಗೇಟಿನ ಮುಂದೆ ಚರಂಡಿಯ ಮೇಲೆ ಕಾಂಕ್ರೀಟ್ ಇಳಿಜಾರು ಹಾಕಿಸಿ, ಕೆಳಗೆ ಆರು ಇಂಚಿನ ಒಂದು ಪೈಪು ಬಿಟ್ಟಿದ್ದೆ. ನಮ್ಮ ಸಾಲಿನ ಎಲ್ಲರೂ ಹಾಗೆಯೇ ಮಾಡಿದ್ದರು, ಹೀಗಾಗಿ ಅದರಲ್ಲಿ ತಪ್ಪಿದೆ ಎಂದು ಹೊಳೆಯಲೇ ಇಲ್ಲ. ಮಳೆಗಾಲದ ಎರಡನೆಯ ವಾರಕ್ಕೆ ಎಲೆ, ಮರಳು, ಪ್ಲಾಸ್ಟಿಕ್ ಸೇರಿ ಆ ಪೈಪುಗಳೆಲ್ಲ ಕಟ್ಟಿಕೊಳ್ಳುತ್ತಿದ್ದವು. ಚರಂಡಿಯಲ್ಲಿ ಹೋಗಬೇಕಾದ ನೀರು ರಸ್ತೆಗೆ ಏರಿ, ರಸ್ತೆಯ ಇಳಿಜಾರಿನಲ್ಲಿ ನೇರವಾಗಿ ಕೆಳಗಿನ ಮನೆಗಳಿಗೆ ಹೋಗುತ್ತಿತ್ತು. ನಮ್ಮ ಅಂಗಳ ಒಣಗಿರುತ್ತಿದ್ದುದರಿಂದ ನಾವು ಏನನ್ನೂ ಕಾಣಲಿಲ್ಲ. ಕೊನೆಗೆ ಕೆಳಗಿನ ಮನೆಯ ಒಬ್ಬ ತಾಯಿ ಬಂದು, ‘ಅಣ್ಣ, ಒಮ್ಮೆ ನಮ್ಮ ಅಡುಗೆಮನೆ ನೋಡಿ ಬನ್ನಿ’ ಎಂದು ಮಾತ್ರ ಹೇಳಿದರು. ಹೋದೆ. ಗೋಡೆಯ ಮೇಲೆ ನೀರು ನಿಂತ ಗೆರೆ ಗ್ಯಾಸ್ ಕಟ್ಟೆಯ ಎತ್ತರಕ್ಕಿತ್ತು. ಆ ವಾರವೇ ಇಳಿಜಾರನ್ನು ಒಡೆಸಿ, ಎತ್ತಿ ತೆಗೆಯಬಹುದಾದ ಚಪ್ಪಡಿಗಳನ್ನು ಹಾಕಿಸಿದೆ. ನಮ್ಮ ಸಾಲಿನಲ್ಲಿ ಉಳಿದವರು ಒಂದು ವರ್ಷದೊಳಗೆ ಒಬ್ಬೊಬ್ಬರಾಗಿ ಹಾಗೆಯೇ ಮಾಡಿದರು. ಇಬ್ಬರು ಇಂದಿಗೂ ಮಾಡಿಲ್ಲ, ಆದರೂ ನೀರು ಹೋಗುತ್ತದೆ.

ನಿಮ್ಮ ಮೇಲಿನ ಸಾಲಿನವರಿಗೆ ಒಂದು ಸರಳ ಲೆಕ್ಕವನ್ನು ತೋರಿಸಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 30×40 ಅಡಿಯ ನಿವೇಶನವೆಂದರೆ ಸುಮಾರು 111 ಚದರ ಮೀಟರ್. ತಾರಸಿಯೂ ಕಾಂಕ್ರೀಟ್ ಅಂಗಳವೂ ಸೇರಿ ಪೂರ್ತಿ ಮುಚ್ಚಿದ ಅಂತಹ ಒಂದು ನಿವೇಶನದಿಂದ, 50 ಮಿಲಿಮೀಟರ್ ಮಳೆಗೆ, 5,500 ಲೀಟರಿನಷ್ಟು ನೀರು ಹೊರಗೆ ಬರುತ್ತದೆ. ಮೇಲೆ 40 ಮನೆಗಳಿದ್ದರೆ 2,20,000 ಲೀಟರ್. ಅಂದರೆ 5,000 ಲೀಟರಿನ 44 ಟ್ಯಾಂಕರುಗಳನ್ನು ನಿಮ್ಮ 4ನೇ ತಿರುವಿನ ಮೇಲೆ ಸುರಿದಂತೆ. ಇದೇ ನೀರು ಗದ್ದೆಯ ಕಾಲದಲ್ಲಿ ಬದುಗಳ ನಡುವೆ ನಿಂತು ನಿಧಾನವಾಗಿ ಇಳಿಯುತ್ತಿತ್ತು.

ಹಾಗಾಗಿ ಮೇಲಿನವರಿಂದ ಹಣಕ್ಕಿಂತ ಮೊದಲು ಎರಡು ಕೆಲಸಗಳನ್ನು ಕೇಳಿ: ಗೇಟಿನ ಮುಂದಿನ ಚರಂಡಿಯನ್ನು ತೆರೆಯುವುದು ಮತ್ತು ತಾರಸಿಯ ನೀರಿಗೆ ತಮ್ಮ ಅಂಗಳದಲ್ಲಿಯೇ ಇಂಗುಗುಂಡಿ ಮಾಡುವುದು. ಇಂಗುಗುಂಡಿ ಮೇಲಿನ ಸಾಲಿನಲ್ಲಿ ಮಾತ್ರ ಮಾಡಿ. ಕೆಳಗೆ ಗದ್ದೆಯ ಜೇಡಿಮಣ್ಣಿನಲ್ಲಿ ಮಳೆಗಾಲದಲ್ಲಿ ನೀರು ಇಂಗುವುದಿಲ್ಲ, ಗುಂಡಿಯೇ ತುಂಬಿ ನಿಂತು ಸೊಳ್ಳೆಗೆ ಮನೆಯಾಗುತ್ತದೆ. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು.


ಉತ್ತರ 4
ಬಾಡಿಗೆ ಮನೆಯವನು, ಶಿವಮೊಗ್ಗ

ಇಲ್ಲಿಯವರೆಗೆ ಎಲ್ಲರೂ ನಿವೇಶನದಾರರ ಬಗ್ಗೆಯೇ ಬರೆದಿದ್ದೀರಿ. ನೀರು ನುಗ್ಗಿದ ಆ 11 ಮನೆಗಳಲ್ಲಿ ಎಷ್ಟು ಮನೆಗಳಲ್ಲಿ ಬಾಡಿಗೆದಾರರಿದ್ದಾರೆ ಎಂದು ದಯವಿಟ್ಟು ಎಣಿಸಿ ನೋಡಿ. ತಗ್ಗಿನ ಮನೆಗೆ ಬಾಡಿಗೆ ಕಡಿಮೆ, ಆದ್ದರಿಂದ ನಮ್ಮಂತಹವರು ಅಲ್ಲಿಯೇ ಇರುತ್ತೇವೆ. ನೀರು ಬಂದಾಗ ಮಾಲೀಕರ ಗೋಡೆ ಒದ್ದೆಯಾಗುತ್ತದೆ; ನೆನೆಯುವ ಹಾಸಿಗೆ, ಮಕ್ಕಳ ಪುಸ್ತಕ, ಹೊಲಿಗೆ ಯಂತ್ರ ನಮ್ಮವು. ಎಂಟು ವರ್ಷಗಳಲ್ಲಿ ನಾಲ್ಕು ಬಡಾವಣೆಗಳಲ್ಲಿ ವಾಸ ಮಾಡಿದ್ದೇನೆ. ಯಾವುದೇ ಸಂಘದ ಸಭೆಗೆ ನಮ್ಮನ್ನು ಕರೆದದ್ದಿಲ್ಲ. ಗಣಪತಿ ಹಬ್ಬದ ಚಂದಾಕ್ಕೆ ಮಾತ್ರ ಬಾಗಿಲಿಗೆ ಬಂದಿದ್ದಾರೆ.

ಸಂಘದ ನಿಯಮಾವಳಿಯನ್ನು ಬರೆಯುವಾಗ ಸದಸ್ಯತ್ವಕ್ಕೆ ‘ನಿವೇಶನದಾರರು’ ಎಂಬ ಪದದ ಬದಲು ‘ನಿವಾಸಿಗಳು’ ಎಂಬ ಪದವನ್ನು ಬಳಸಿ. ಒಂದು ಪದದ ಬದಲಾವಣೆಯಿಂದ ನಿಮಗೆ ಕೆಲಸಕ್ಕೆ ಬರುವ ಕೈಗಳು ಹೆಚ್ಚುತ್ತವೆ. ಚಪ್ಪಡಿಗೆ, ಕಾಂಕ್ರೀಟಿಗೆ ಬೇಕಾದ ಹಣವನ್ನು ಆಸ್ತಿಯುಳ್ಳವರು ಕೊಡಲಿ. ಭಾನುವಾರದ ಎರಡು ಗಂಟೆಯ ದುಡಿಮೆಯನ್ನು ನಾವು ಕೊಡುತ್ತೇವೆ. ಹಾಗೆಯೇ ಖಾಲಿ ನಿವೇಶನಗಳ ಮಾಲೀಕರನ್ನೂ ಮರೆಯಬೇಡಿ. ಅವರಲ್ಲಿ ಎಷ್ಟೋ ಜನ ಬೆಂಗಳೂರಿನಲ್ಲಿರುತ್ತಾರೆ, ಅವರ ನಿವೇಶನದಲ್ಲಿ ಸುರಿದ ಕಟ್ಟಡದ ಮಣ್ಣೇ ಮೊದಲ ಮಳೆಗೆ ಚರಂಡಿಗೆ ಇಳಿಯುತ್ತದೆ.


ಉತ್ತರ 5
ನಿವಾಸಿಗಳ ಸಂಘವೊಂದರ ಕಾರ್ಯದರ್ಶಿ, ಶಿವಮೊಗ್ಗ

ಬಾಡಿಗೆ ಮನೆಯವರು ಬರೆದದ್ದನ್ನು ಓದಿ ನಮ್ಮ ಸಂಘದ ನಿಯಮಾವಳಿಯನ್ನು ತೆಗೆದು ನೋಡಿದೆ. ನಮ್ಮದರಲ್ಲಿಯೂ ‘ನಿವೇಶನದಾರರು’ ಎಂದೇ ಇದೆ. ಮುಂದಿನ ವಾರ್ಷಿಕ ಸಭೆಯಲ್ಲಿ ಅದರ ತಿದ್ದುಪಡಿಗೆ ನಾನೇ ಸೂಚನೆ ಮಂಡಿಸುತ್ತೇನೆ.

ನೋಂದಣಿಯ ಬಗ್ಗೆ ಕೇಳಿದ್ದೀರಿ. ಬಡಾವಣೆಯ ನಿವಾಸಿಗಳ ಸಂಘವನ್ನು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಅಡಿಯಲ್ಲಿ ನೋಂದಾಯಿಸಬಹುದು, ಅದಕ್ಕೆ ಕನಿಷ್ಠ ಏಳು ಜನರು ಬೇಕು. 1972ರ ಅಪಾರ್ಟ್‌ಮೆಂಟ್ ಮಾಲೀಕತ್ವದ ಅಧಿನಿಯಮವನ್ನು ಕೆಲವರು ಇದರೊಂದಿಗೆ ಬೆರೆಸಿ ಮಾತನಾಡುತ್ತಾರೆ. ಅದು ಪ್ರತ್ಯೇಕ ಮನೆಗಳ ಬಡಾವಣೆಗೆ ಸಂಬಂಧಿಸಿದ್ದಲ್ಲ. ನೋಂದಣಿ ಕಷ್ಟದ ಕೆಲಸವಲ್ಲ. ಪ್ರತಿವರ್ಷ ಸರ್ವಸದಸ್ಯರ ಸಭೆ ನಡೆಸಿ, ಲೆಕ್ಕಪತ್ರವನ್ನೂ ಆಡಳಿತ ಸಮಿತಿಯ ಪಟ್ಟಿಯನ್ನೂ ತಪ್ಪದೆ ಸಲ್ಲಿಸುತ್ತಾ ಹೋಗುವುದು ಕಷ್ಟ. ಉತ್ಸಾಹದಲ್ಲಿ ನೋಂದಾಯಿಸಿ, ಮೂರನೆಯ ವರ್ಷಕ್ಕೆ ಕಡತ ಎಲ್ಲಿದೆ ಎಂಬುದೇ ತಿಳಿಯದ ಸಂಘಗಳನ್ನು ನೋಡಿದ್ದೇನೆ. ಈ ಮಳೆಗಾಲವನ್ನು ನೋಂದಣಿಯಿಲ್ಲದೆಯೇ ಎದುರಿಸಿ ಎಂಬುದು ನನ್ನ ಅಭಿಪ್ರಾಯ. ಒಂದು ನೋಟ್‌ಬುಕ್ ಇಡಿ. ಯಾವ ದಿನ ಯಾರು ಬಂದರು, ಏನು ತೀರ್ಮಾನವಾಯಿತು, ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು ಎಂಬುದನ್ನು ಬರೆದು, ಆ ಪುಟದ ಚಿತ್ರವನ್ನು ಅಂದೇ ಗುಂಪಿಗೆ ಹಾಕಿ. ಬ್ಯಾಂಕ್ ಖಾತೆ ಬೇಕಾದಾಗ, ಕಚೇರಿಗಳೊಂದಿಗೆ ನಿರಂತರ ಪತ್ರವ್ಯವಹಾರ ಆರಂಭವಾದಾಗ ನೋಂದಾಯಿಸಿದರಾಯಿತು. ಆ ವೇಳೆಗೆ ದುಡಿಯುವವರು ಯಾರು ಎಂಬುದೂ ನಿಮಗೆ ತಿಳಿದಿರುತ್ತದೆ.

ಇನ್ನು, ಯಾರೂ ಪ್ರಸ್ತಾಪಿಸದ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ವಿಷಯ. ಚರಂಡಿ ಸ್ವಚ್ಛಗೊಳಿಸುತ್ತೇವೆ ಎಂಬ ಹುರುಪಿನಲ್ಲಿ ಯಾರನ್ನೂ ಮುಚ್ಚಿದ ಚರಂಡಿಯೊಳಗೆ ಇಳಿಸಬೇಡಿ, ನೀವೂ ಇಳಿಯಬೇಡಿ. ಮಳೆನೀರಿನ ಚರಂಡಿಗೆ ಶೌಚಾಲಯದ ಪೈಪನ್ನು ಸೇರಿಸಿದ ಮನೆಗಳು ಬಹಳಷ್ಟು ಬಡಾವಣೆಗಳಲ್ಲಿವೆ, ಮುಚ್ಚಿದ ಜಾಗದಲ್ಲಿ ವಿಷಾನಿಲ ನಿಂತಿರಬಹುದು. ಒಳಚರಂಡಿ ಮತ್ತು ಶೌಚಗುಂಡಿಗಳ ಅಪಾಯಕಾರಿ ಶುಚಿಗೊಳಿಸುವಿಕೆಗೆ ಮನುಷ್ಯರನ್ನು ಹಚ್ಚುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ‘ಐನೂರು ಕೊಟ್ಟರೆ ಒಬ್ಬ ಬರುತ್ತಾನೆ’ ಎಂದು ಯಾರಾದರೂ ಹೇಳಿದರೆ ಸಭೆಯಲ್ಲಿಯೇ ತಡೆಯಿರಿ. ಅಂತಹ ಭಾಗಕ್ಕೆ ಸ್ಥಳೀಯ ಸಂಸ್ಥೆಯಿಂದ ಯಂತ್ರವನ್ನು ಕೇಳಿ. ತೆರೆದ ಚರಂಡಿಯ ಎಲೆ, ಮಣ್ಣು ತೆಗೆಯುವವರಿಗೂ ಗಮ್‌ಬೂಟು, ಕೈಗವಸು ಇರಲೇಬೇಕು; ಇಲಿಗಳ ಮೂತ್ರ ಸೇರಿದ ನೀರು ಕಾಲಿನ ಸಣ್ಣ ಗಾಯಕ್ಕೆ ತಗುಲಿದರೂ ಇಲಿಜ್ವರ ಬರಬಹುದು. ನಿಮ್ಮ ಮೊದಲ ಚಂದಾ ಹಣವನ್ನು ಹತ್ತು ಜೊತೆ ಗಮ್‌ಬೂಟಿಗೆ ಖರ್ಚು ಮಾಡಿ.

ಸಭೆಯ ಸಮಯದ ಬಗ್ಗೆಯೂ ಒಂದು ಮಾತು. ರಾತ್ರಿ ಎಂಟಕ್ಕೆ ಕರೆದರೆ ಗಂಡಸರು ಮಾತ್ರ ಬರುತ್ತಾರೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ನಗರದ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿದಾಗ ನಮ್ಮ ಬೀದಿಯಲ್ಲಿ ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರಿಗೆ ದಿನವೂ ಇನ್ಸುಲಿನ್ ಬೇಕು, ಯಾರ ಮನೆಯ ಮಹಡಿ ಖಾಲಿಯಿದೆ ಎಂಬುದೆಲ್ಲ ಹೆಂಗಸರಿಗೆ ಮಾತ್ರ ತಿಳಿದಿತ್ತು. ಸಂಜೆ ನಾಲ್ಕಕ್ಕೆ ಕರೆಯಿರಿ.


ಪ್ರಶ್ನೆ ಕೇಳಿದವರ ಮರುಬರಹ, ಐದು ವಾರಗಳ ನಂತರ
4ನೇ ತಿರುವಿನ ನಿವಾಸಿ, ಶಿವಮೊಗ್ಗ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಡೆದದ್ದನ್ನು ಇದ್ದಂತೆಯೇ ತಿಳಿಸುತ್ತೇನೆ.

ವಾಟ್ಸ್‌ಆ್ಯಪ್‌ನಲ್ಲಿ ಕಡಿಮೆ ಬೆಲೆಯ ಮಾತು ಬರೆದ ಹಿರಿಯರ ಮನೆಗೆ ನಾನೇ ಹೋಗಿ, ಭದ್ರಾವತಿಯವರು ಹೇಳಿದಂತೆ, ನಮ್ಮ ಮನೆಯನ್ನೊಮ್ಮೆ ನೋಡಿ ಬನ್ನಿ ಎಂದು ಕರೆದೆ. ಆ ದಿನ ಬರಲಿಲ್ಲ. ನಾಲ್ಕು ದಿನ ಬಿಟ್ಟು ತಮ್ಮ ಪತ್ನಿಯೊಂದಿಗೆ ಬಂದರು. ಅತ್ತೆಯವರೊಂದಿಗೆ ಅರ್ಧ ಗಂಟೆ ಮಾತನಾಡಿದರು, ಕಾಲುವೆಯ ವಿಷಯವನ್ನು ಎತ್ತಲಿಲ್ಲ. ನಂತರದ ಭಾನುವಾರ ಕೆರೆಯಿಂದ ಹಳ್ಳದವರೆಗೆ ನಡೆಯಲು 14 ಜನರು ಸೇರಿದೆವು, ಅವರಲ್ಲಿ ಐವರು ಮೇಲಿನ ಸಾಲಿನವರು. ಹಿಂದೆ ಇಲ್ಲಿ ಗದ್ದೆ ಮಾಡುತ್ತಿದ್ದ ಹಿರಿಯರೊಬ್ಬರು ಕೋಲು ಹಿಡಿದು ಮುಂದೆ ನಡೆದರು. ಮೇಲಿನ ಸಾಲಿನಲ್ಲಿ 23 ಗೇಟುಗಳ ಮುಂದೆ ಚರಂಡಿ ಪೂರ್ತಿ ಅಥವಾ ಅರ್ಧ ಮುಚ್ಚಿರುವುದನ್ನು ಎಲ್ಲರೂ ಸೇರಿಯೇ ಎಣಿಸಿದೆವು. ಏಳು ಮನೆಯವರು ಅದನ್ನು ತೆರೆಯಲು ಒಪ್ಪಿದ್ದಾರೆ. ಉಳಿದವರು ಒಪ್ಪಿಲ್ಲ, ನಿರಾಕರಿಸಿಯೂ ಇಲ್ಲ. ಅಡ್ಡಗೋಡೆ ಕಟ್ಟಲಿದ್ದವರಲ್ಲಿ ಒಬ್ಬರು ಆಗಲೇ ಕಟ್ಟಿಸಿಬಿಟ್ಟರು, ಉಳಿದವರು ಈ ಮಳೆಗಾಲದವರೆಗೆ ಕಾಯುತ್ತೇವೆ ಎಂದಿದ್ದಾರೆ. ನೀರು ನುಗ್ಗಿದ 11 ಮನೆಗಳಲ್ಲಿ ಆರರಲ್ಲಿ ಬಾಡಿಗೆದಾರರಿದ್ದಾರೆ; ಎದುರುಮನೆಯವರೂ ಬಾಡಿಗೆಗೆ ಇರುವವರು ಎಂಬುದು ಇಷ್ಟು ವರ್ಷ ನನಗೆ ತಿಳಿದಿರಲಿಲ್ಲ.

ಗ್ರಾಮ ನಕ್ಷೆಯೂ ಸಿಕ್ಕಿದೆ. ಕಾಲುವೆಯ ಗೆರೆ ಅದರಲ್ಲಿ ಸ್ಪಷ್ಟವಾಗಿದೆ. ನಮ್ಮ ಕ್ರಯಪತ್ರದ ಸರ್ವೆ ನಂಬರಿನೊಂದಿಗೆ ಹೋಲಿಸಿ ನೋಡಿದಾಗ, ಅದು ಉದ್ಯಾನದ ಮೂಲೆಯಿಂದ ಇಳಿದು ನಮ್ಮದೇ ಕಾಂಪೌಂಡಿನ ಈಶಾನ್ಯ ಭಾಗದಲ್ಲಿ ಹಾದು ಹೋಗಿರುವಂತೆ ಕಾಣುತ್ತದೆ. ಹಿರಿಯರು ಕೋಲು ಊರಿ ತೋರಿಸಿದ ಜಾಗವೂ ಅದೇ. ನಿವೇಶನ ಕೊಳ್ಳುವಾಗ ನಮಗೆ ಇದನ್ನು ಯಾರೂ ತಿಳಿಸಿರಲಿಲ್ಲ, ನಾವೂ ಕೇಳಿರಲಿಲ್ಲ. ಎರಡು ರಾತ್ರಿ ನಿದ್ರೆ ಬರಲಿಲ್ಲ. ಬರುವ ಭಾನುವಾರ ಸಂಜೆ ನಾಲ್ಕಕ್ಕೆ ಸಭೆಯಿದೆ. ಬೇರೆ ಯಾವ ಮಾತಿಗೂ ಮೊದಲು ಈ ವಿಷಯವನ್ನು ನಾನೇ ಎಲ್ಲರ ಮುಂದೆ ಇಡಬೇಕೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದ್ದೇವೆ. ಸಾಗರದ ಭೂಮಾಪಕರಲ್ಲಿ ಒಂದು ಪ್ರಶ್ನೆ: ನಕ್ಷೆಯ ಗೆರೆ ನೆಲದ ಮೇಲೆ ನಿಖರವಾಗಿ ಎಲ್ಲಿ ಬರುತ್ತದೆ ಎಂಬುದನ್ನು ಅಳೆಸಲು ನಾವು ಏನು ಮಾಡಬೇಕು?


ಉತ್ತರ 6
ನಿವೃತ್ತ ಭೂಮಾಪಕ, ಸಾಗರ

ಮೇಡಂ, ಗ್ರಾಮ ನಕ್ಷೆಯು ಸಣ್ಣ ಅಳತೆಯದು; ಅದರ ಮೇಲೆ ಕಣ್ಣಳತೆಯಿಂದ ಹೋಲಿಸಿದರೆ ಹಲವು ಅಡಿಗಳ ವ್ಯತ್ಯಾಸ ಬರಬಹುದು. ಆದ್ದರಿಂದ ಅಳತೆಯಾಗುವವರೆಗೆ ಏನನ್ನೂ ಖಚಿತವೆಂದು ಭಾವಿಸಬೇಡಿ, ಸಭೆಯಲ್ಲಿಯೂ ‘ಹಾಗೆ ಕಾಣುತ್ತದೆ’ ಎಂದೇ ಹೇಳಿ. ಮೂಲ ಸರ್ವೆ ನಂಬರಿನ ಟಿಪ್ಪಣಿಯ ಪ್ರತಿಯನ್ನು ಭೂದಾಖಲೆಗಳ ಕಚೇರಿಯಿಂದ ಪಡೆಯಿರಿ, ಅಳತೆಯ ವಿವರ ಅದರಲ್ಲಿರುತ್ತದೆ. ನಿಮ್ಮ ಗಡಿಗೆ ಹದ್ದುಬಸ್ತು, ಅಂದರೆ ಗಡಿ ಅಳೆದು ಗುರುತಿಸುವ ಅರ್ಜಿ ಸಲ್ಲಿಸಿ. ಕೆರೆಗೂ ಕಾಲುವೆಗೂ ಪ್ರತ್ಯೇಕವಾಗಿ, ಎರಡೂ ಸಾಲಿನವರ ಸಹಿ ಪಡೆದು, ತಹಶೀಲ್ದಾರರಿಗೆ ಅಳತೆಗಾಗಿ ಮನವಿ ಕೊಡಿ. ಅಳತೆಯ ದಿನ ಕೋಲು ಹಿಡಿದ ಆ ಹಿರಿಯರೂ ಅಲ್ಲಿರಲಿ. ಟಿಪ್ಪಣಿಯನ್ನು ಓದುವುದು ಕಷ್ಟವಾದರೆ ತಿಳಿಸಿ, ನಾನೇ ಬಂದು ಓದಿ ವಿವರಿಸುತ್ತೇನೆ. ಸಾಗರದಿಂದ ಶಿವಮೊಗ್ಗ ದೂರವೇನಲ್ಲ.